ಯಾರಂದ್ರು ಮೇಷ್ಟ್ರು

ಶವಪೆಟ್ಟಿಗೆಯಲ್ಲಿ ಮಲಗಿದ್ದ ಅಪ್ಪನ ಕಾಲರ್ ಸರಿಮಾಡುತ್ತಿದ್ದ ಮಗಳ ಬಳಿ ಬಂದು, ಪಾದ್ರಿಗಳು ಸಮಾಧಿಯ ಹತ್ತಿರ ಓದಲಿರುವ ಮಾತು ತಿಳಿಸಿದರು: ಸುಗ್ಗಿಯಲ್ಲಿ ತೆನೆ ಕಣ ಸೇರುವಂತೆ ನೀನು ತುಂಬುಮುಪ್ಪಿನಲ್ಲಿ ಮಣ್ಣು ಸೇರುವೆ.

“ಅದೊಂದು ಬೇಡ, ಫಾದರ್. ಅದು ಬೈಬಲ್ಲಲ್ಲಿ ಮಕ್ಕಳನ್ನೆಲ್ಲ ಕಳ್ಕೊಂಡ ಯೋಬನಿಗೆ ಅವನ ಸ್ನೇಹಿತ ಆಡಿದ್ದು. ಆ ಸ್ನೇಹಿತರು ಆಡಿದ್ದು ಸರಿಯಲ್ಲ ಅಂತ ಕೊನೇಲಿ ದೇವರೇ ಬೈತಾನೆ.”

“ಮಾತು ಚೆನ್ನಾಗಿದೆಯಲ್ಲಮ್ಮಾ. ಎಲ್ಲಾ ಒಂದೇ ಗ್ರಂಥದ್ದು, ಯಾರು ಹೇಳಿದರೇನು? ಇವತ್ತೊಂದು ದಿನ ತಕರಾರು ಬೇಡ.”

ಸಾವಿನ ಮನೆಯಲ್ಲಿ ಪಾದ್ರಿಗಳ ಜೊತೆ ಯಾರು ವಾದಕ್ಕೆ ನಿಲ್ಲುತ್ತಾರೆ? ಮಗಳು ಮತ್ತೆ ಅಪ್ಪನ ಕಾಲರ್‌ಗೆ ಕೈಹಾಕಿದಳು. ಅಪ್ಪ ಹೇಳಿದ್ದನ್ನು ಒಬ್ಬರು, ಒಬ್ಬರೇ ಒಬ್ಬರು ಕಿವಿಗೆ ಹಾಕಿಕೊಂಡಿರಬಾರದೆ?

*

ಅಪ್ಪ ಊರಿಗೆಲ್ಲ ಮೇಷ್ಟ್ರು. ಮೊದಲೆಲ್ಲ ಭಾನುವಾರ ಸಂಜೆ ಅವರ ಮನೆಯಲ್ಲಿ ಗ್ರಂಥ ಓದುವ ಕೂಟ. ದರ್ಜಿ, ಕಾಂಪೌಂಡರ್, ಪೋಸ್ಟ್‌ಮ್ಯಾನ್ ಬರುತ್ತಿದ್ದರು. ಯಾವ ವಾಕ್ಯ ಓದಿದರೂ ಮೇಷ್ಟ್ರದು ಒಂದೇ ಪ್ರಶ್ನೆ: “ಯಾರಂದ್ರು? ಯಾರಿಗಂದ್ರು?” ಅದೇ ಅಡ್ಡಹೆಸರಾಗಿ ಅಂಟಿಕೊಂಡಿತು.

“ಯೋಬನ ಸ್ನೇಹಿತರು ಮಾಡಿದ ಒಳ್ಳೆ ಕೆಲಸ ಒಂದೇ ಕಣ್ರಯ್ಯಾ,” ಎನ್ನುತ್ತಿದ್ದರು. “ಮೊದಲು ಏಳು ದಿನ ಮಾತಾಡದೆ ಜೊತೆಗೆ ಕೂತರು. ಬಾಯಿ ಬಿಟ್ಟರು, ಕೆಟ್ಟರು!”

ಹೇಳುವುದು ಸುಲಭ. ದರ್ಜಿಯ ಹೆಂಡತಿ ಚಿಕ್ಕ ವಯಸ್ಸಿಗೇ ತೀರಿಕೊಂಡಾಗ ಪಾದ್ರಿಗಳು ಸಮಾಧಿಯ ಹತ್ತಿರ ತುಂಬುಮುಪ್ಪಿನ ಇದೇ ಮಾತು ಓದಿದರು. ಮೇಷ್ಟ್ರಿಗೆ ತಡೆಯಲಾಗಲಿಲ್ಲ. “ಇವಳಿಗೆ ಮುಪ್ಪೆಲ್ಲಿತ್ತು? ಯಾರಂದ್ರು ಇದನ್ನ?” ಎಂದು ಎಲ್ಲರೆದುರೇ ಕೂಗಿಬಿಟ್ಟರು. ದರ್ಜಿ ಮುಖ ತಿರುಗಿಸಿದ. ಅವನು ಕೂಟಕ್ಕೆ ಬರುವುದು ಬಿಟ್ಟ, ಅವನ ಹಿಂದೆ ಉಳಿದಿಬ್ಬರೂ ಬಿಟ್ಟರು.

ಆಮೇಲೂ ಮೇಷ್ಟ್ರು ಭಾನುವಾರ ಕುರ್ಚಿ ಹಾಕುವರು, ಕತ್ತಲಾದಾಗ ಎತ್ತಿಡುವರು.

“ಬಿಡಪ್ಪಾ, ಇನ್ಯಾರು ಬರ್ತಾರೆ?”

“ಅವತ್ತು ನಾನೂ ಸುಮ್ನೆ ಕೂರಬೇಕಿತ್ತು, ಮಗಳೇ.”

*

ಅಪ್ಪನ ಸಮಾಧಿಯ ಹತ್ತಿರವೂ ಪಾದ್ರಿಗಳು ಅದನ್ನೇ ಓದಿದರು. ಒಬ್ಬರಾದರೂ ‘ಯಾರಂದ್ರು’ ಎಂದಾರೆಂಬ ಆಸೆಯಿಂದ ಮಗಳು ಕೂಟದ ಮೂವರ ಕಡೆಗೂ ನೋಡಿದಳು. ಅವರೂ ಎಲ್ಲರಂತೆ ಆಮೆನ್ ಎಂದು ಮಣ್ಣು ಹಾಕಿ ಹೊರಟರು.

ಸಂಜೆ ಮನೆ ಬಿಕೋ ಎನ್ನುತ್ತಿತ್ತು. ಸುಮ್ಮನಿರಲಾಗದೆ ಅವಳು ಮೇಜಿನ ಸುತ್ತ ಕುರ್ಚಿಗಳನ್ನು ಹಾಕಿದಳು. ಬಾಗಿಲು ಸದ್ದಾಯಿತು. ದರ್ಜಿ.

“ಬನ್ನಿ ಮಾವ. ಅಪ್ಪ ನಿಮ್ಮನ್ನ...”

ದರ್ಜಿ ಬೇಡವೆಂದು ಕೈ ಅಲ್ಲಾಡಿಸಿ ತನ್ನ ಹಳೆಯ ಜಾಗದಲ್ಲಿ ಕೂತ. ಮಾತಿಲ್ಲ. ಅವಳೂ ಎದುರಿಗೆ ಕೂತು ಅತ್ತಳು. ಅವನು ಸಮಾಧಾನ ಹೇಳಲಿಲ್ಲ, ಎದ್ದೂ ಹೋಗಲಿಲ್ಲ.

ಕತ್ತಲಾದಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ, “ನಾಳೆನೂ ಬರ್ತೀನಮ್ಮಾ,” ಎಂದ. “ಇನ್ನೂ ಆರು ದಿನ ಇದೆ.”

ಎತ್ತಿಡಲು ಹಿಡಿದ ಕುರ್ಚಿಯನ್ನು ಅವಳು ಅಲ್ಲೇ ಬಿಟ್ಟಳು.