ಕೆಂಪು ಬೈರಾಸಿನ ಗೊಂಬೆ

ಕುಮುದಿನಿ ತೀರಿಕೊಂಡು ಏಳು ತಿಂಗಳಾಗಿತ್ತು. ಅವಳ ಕನ್ನಡಕ, ಎಲೆಯಡಿಕೆಯ ಡಬ್ಬಿ, ಮೂಲೆ ಒಡೆದ ಮೊಬೈಲು, ಎರಡು ಸೀರೆ, ಇಷ್ಟನ್ನು ಕಪಾಟಿನ ಕೆಳಗಿನ ಖಾನೆಯಲ್ಲಿ ಇಟ್ಟಿದ್ದೆ. ಆಟಿಯಲ್ಲಿ ಅವಳಿಗೆ ಬಡಿಸುವವರೆಗೆ ಯಾರೂ ಮುಟ್ಟಬಾರದೆಂದು ಮಗ ಅಮೃತನಿಗೂ ಸೊಸೆ ಜ್ಯೋತ್ಸ್ನಾಳಿಗೂ ಹೇಳಿದ್ದೆ.

ಆಟಿ ತಿಂಗಳಲ್ಲಿ ಹೋದವರಿಗೆ ಬಾಳೆ ಎಲೆ ಹಾಕಿ, ಅವರಿಗೆ ಇಷ್ಟವಾದುದನ್ನು ಬಡಿಸಿ, ಬಾಗಿಲೆಳೆದು, ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ನಿಲ್ಲುವುದು ನಮ್ಮ ಮನೆಯ ಕ್ರಮ. ಬಡಿಸುವವಳು ಸೊಸೆ. ಮನಸ್ಸಿನಲ್ಲಿ ಕಹಿ ಇಟ್ಟುಕೊಂಡ ಕೈ ಬಡಿಸಿದರೆ ಹೋದವರು ಎಲೆಯ ಹತ್ತಿರ ಬರುವುದಿಲ್ಲ ಎಂದು ನನ್ನ ತಾಯಿ ನಂಬಿದ್ದಳು. ನಾನೂ ನಂಬಿದ್ದೇನೆ. ಈ ಸಲ ಬರಬೇಕಾದವಳು ಕುಮುದಿನಿ. ಅವಳು ಹಸಿದು ಹಿಂದೆ ಹೋಗಬಾರದು ಎಂಬುದೊಂದೇ ನನ್ನ ಪ್ರಾರ್ಥನೆಯಾಗಿತ್ತು.

ಒಂದು ಸಂಜೆ ಹಾರ್ಮೋನಿಯಂನವನು ಬಾರದೆ ಭಜನೆ ಬೇಗ ಮುಗಿಯಿತು. ನಾನು ಮನೆಗೆ ಬಂದಾಗ ದೇವರ ದೀಪ ಉರಿಯುತ್ತಿತ್ತು. ಜ್ಯೋತ್ಸ್ನಾ ಅಡುಗೆಮನೆಯ ಹೊಸ್ತಿಲಲ್ಲಿ ನನಗೆ ಬೆನ್ನು ಹಾಕಿ ಕುಳಿತು ಮೊಬೈಲು ನೋಡುತ್ತಿದ್ದಳು. ಪರದೆಯ ಮೇಲೆ ಎತ್ತರದ ಮೆಟ್ಟಿಲು. ತುದಿಯಲ್ಲಿ ಒಬ್ಬ ಗಂಡಸು, ಹೆಗಲಲ್ಲಿ ಟವೆಲಿನಂಥ ಕೆಂಪು ಬೈರಾಸು. ಅವಳು ಬೆರಳಿನಿಂದ ಒತ್ತಿದಳು. ಅವನು ಬಿದ್ದ. ಕೈ ಒಂದು ಕಡೆ, ಕಾಲು ಒಂದು ಕಡೆ, ತಲೆ ಮೆಟ್ಟಿಲಿಂದ ಮೆಟ್ಟಿಲಿಗೆ ಬಡಿಯುತ್ತಾ ಒದ್ದೆ ಬಟ್ಟೆಯ ಹಾಗೆ ಉರುಳಿ, ಕೆಳಗಿದ್ದ ಒಂದು ನೀಲಿ ಚಪ್ಪಡಿಯ ಮೇಲೆ ಮಗುಚಿದ. ಅವಳು ನಕ್ಕಳು. ನಗುತ್ತಲೇ ಚೂಡಿದಾರದ ಶಾಲಿನಿಂದ ಕಣ್ಣು ಒರೆಸಿಕೊಂಡಳು.

ನನ್ನ ಹೆಗಲಲ್ಲಿ ನಲವತ್ತು ವರ್ಷದಿಂದ ಕೆಂಪು ಬೈರಾಸು ಉಂಟು. ಅದಾದರೂ ಹೋಗಲಿ. ಮೀನಿನ ಬೋಟುಗಳ ನಂಬರು ಓದಿ ಓದಿ ನನಗೆ ಇಂಗ್ಲಿಷ್ ಅಕ್ಷರಗಳು ಗೊತ್ತು. ಆ ಗಂಡಸಿನ ತಲೆಯ ಮೇಲೆ ಬರೆದಿದ್ದುದು ದೂಮಪ್ಪ ಎಂದು. ಅದು ನನ್ನ ಹೆಸರು.

ನಾನು ಸದ್ದು ಮಾಡದೆ ಹಿಂದಕ್ಕೆ ಹೋಗಿ, ಗೇಟು ಬಡಿದು, ಈಗ ಬಂದವನ ಹಾಗೆ ಕೆಮ್ಮಿದೆ. ಒಳಗೆ ಬರುವಷ್ಟರಲ್ಲಿ ಅವಳ ಕೈಯಲ್ಲಿ ಮೊಬೈಲು ಇರಲಿಲ್ಲ.

ಮರುದಿನ ಬೆಳಿಗ್ಗೆ ಅಂಗಳದ ಮೆಟ್ಟಿಲಲ್ಲಿ ನನ್ನ ಕಾಲು ಜಾರಿತು. ಬೋಟಿನಲ್ಲಿ ಒಮ್ಮೆ ಪೆಟ್ಟಾದ ಸೊಂಟ ಮತ್ತೆ ಹಿಡಿದುಕೊಂಡಿತು. ಅವಳು ಆ ಗಂಡಸನ್ನು ತಳ್ಳಿ ಹನ್ನೆರಡು ತಾಸೂ ಕಳೆದಿರಲಿಲ್ಲ! ಜ್ಯೋತ್ಸ್ನಾ ಓಡಿ ಬಂದು ಎಬ್ಬಿಸಿದಳು. ಮಧ್ಯಾಹ್ನ ನೋಡಿದರೆ ಮೆಟ್ಟಿಲ ಕೆಳಗೆ ಗೋಣಿಚೀಲ ಮಡಚಿ ಹಾಸಿದ್ದಳು. ತಪ್ಪು ಮಾಡಿದವರ ಉಪಚಾರ ಹೀಗೆಯೇ ಇರುತ್ತದೆ ಎಂದುಕೊಂಡೆ.

ಗೊಂಬೆಗೆ ಹೆಸರಿಟ್ಟು ಮಾಟ ಮಾಡುವವರ ಕಥೆ ಚಿಕ್ಕಂದಿನಲ್ಲಿ ಕೇಳಿದ್ದೆ. ಮೊಬೈಲಿನಲ್ಲಿ ಮಾಡುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಗೋಕರ್ಣನಾಥನಿಗೆ ಕೈಮುಗಿದು, ಹಿಂದೆ ಬರುವಾಗ ಕುದ್ರೋಳಿಯಲ್ಲಿ ಮೊಬೈಲು ರಿಪೇರಿ ಮಾಡುವ ಉಬೈದನ ಅಂಗಡಿಗೆ ಹೋದೆ.

"ಉಬೈದ್, ಮನುಷ್ಯನನ್ನು ಮೆಟ್ಟಿಲಿಂದ ತಳ್ಳುದು ಒಂದು ಉಂಟಂತೆ ಮೊಬೈಲಿನಲ್ಲಿ. ಎಂತ ಅದು?"

"ಗೇಮ್. ನಿಮಗೂ ಬೇಕಾ ದೂಮಣ್ಣ? ಹಾಕಿ ಕೊಡ್ತೇನೆ."

"ನನಗೆ ಎಂತಕ್ಕೆ? ಸುಮ್ಮನೆ ಕೇಳಿದ್ದು."

ಅವನು ತನ್ನ ಮೊಬೈಲಿನಲ್ಲಿ ತೋರಿಸಿದ. ಅದೇ ಮೆಟ್ಟಿಲು, ಆದರೆ ಬೇರೆ ಅಂಗಿಯ ಗಂಡಸು.

"ಇವನಿಗೆ ಎಲುಬು ಇಲ್ಲ, ಚಿಂದಿ ಗೊಂಬೆ. ಭಾರ ಎಲ್ಲಿಗೆ ಹೋಗ್ತದೆ, ಕೈಕಾಲು ಅಲ್ಲಿಗೆ. ಪ್ರತಿ ಸಲ ಬೀಳುದು ಬೇರೆ ನಮೂನೆ. ಅದೇ ಮಜಾ. ಗಿರಾಕಿಗಳು ತಲೆ ತಿಂದ ದಿವಸ ನಾನು ನಾಲ್ಕು ಸಲ ತಳ್ತೇನೆ, ತಲೆ ತಣ್ಣಗಾಗ್ತದೆ."

"ಹೆಸರು ಬರೆದರೆ ಆ ಮನುಷ್ಯನಿಗೆ ಎಂತಾದ್ರೂ ಆಗ್ತದಾ?"

"ಆಗುದಾದ್ರೆ ನನ್ನ ಭಾವ ಇಷ್ಟೊತ್ತಿಗೆ ಐಸಿಯುನಲ್ಲಿ ಇರ್ತಿದ್ದ! ನೋಡಿ, ಇದಕ್ಕೆ ಅವನ ಹೆಸರು. ಯಾರ ಮೇಲೆ ಸಿಟ್ಟೋ ಅವರದ್ದು ಇಡುದು. ನನ್ನ ಹೆಂಡತಿ ಶಹನಾಝ್‌ಗೆ ಮಾತ್ರ ಹೇಳಬೇಡಿ ಮಾರಾಯ್ರೆ. ಅವಳ ಅಣ್ಣ ಅವನು."

ಮಾಟದ ಹೆದರಿಕೆ ಹೋಯಿತು. ಯಾರ ಮೇಲೆ ಸಿಟ್ಟೋ ಅವರದ್ದು ಎಂಬ ಮಾತು ಉಳಿಯಿತು. ಅದು ಮಾಟಕ್ಕಿಂತ ಕೆಟ್ಟದ್ದು. ಮಾಟಕ್ಕೆ ದೇವರಲ್ಲಿ ಪರಿಹಾರವಿದೆ. ನನ್ನ ಅನ್ನ ಬಡಿಸುವವಳು ಒಳಗೊಳಗೇ ನನ್ನನ್ನು ದ್ವೇಷಿಸುತ್ತಿದ್ದರೆ ಯಾವ ಗುಡಿಗೆ ಹೋಗಲಿ?

ಅಂದಿನಿಂದ ಅವಳ ಕೈಯನ್ನೇ ನೋಡತೊಡಗಿದೆ. ಚಹಾ ಸಪ್ಪೆಯಾದರೆ, ಬಾಗಿಲು ಜೋರಾಗಿ ಬಡಿದರೆ ಅದಕ್ಕೊಂದು ಅರ್ಥ ಹುಡುಕಿದೆ. ಮರುವಾರ ಕಪಾಟು ತೆರೆದರೆ ಖಾನೆಯಲ್ಲಿ ಕುಮುದಿನಿಯ ಮೊಬೈಲು ಇರಲಿಲ್ಲ. ರಾತ್ರಿ ಊಟವಾದ ಮೇಲೆ ನೋಡಿದೆ, ಇತ್ತು. ಮುಟ್ಟಿದರೆ ಬೆಚ್ಚಗಿತ್ತು. ಅಂದರೆ, ಸತ್ತವಳ ಸಾಮಾನಿನಲ್ಲಿಯೇ ನನ್ನನ್ನು ತಳ್ಳುತ್ತಿದ್ದಾಳೆ.

ಕೂಳೂರಿನಲ್ಲಿರುವ ನನ್ನ ತಂಗಿ ವಾರಿಜಳಿಗೆ ಫೋನು ಮಾಡಿ, ಈ ಸಲ ಎಲೆಗೆ ನೀನು ಬಡಿಸಬೇಕು ಎಂದೆ. ಮನೆಯಲ್ಲಿಯೂ ಹೇಳಿದೆ.

"ಎಂತಕ್ಕಪ್ಪ? ಜ್ಯೋತ್ಸ್ನಾ ಎಂತ ಮಾಡಿದ್ದಾಳೆ?" ಎಂದು ಅಮೃತ್ ಎದ್ದು ನಿಂತ. "ವಾರಿಜ ಮಾಮಿ ಬಂದು ಬಡಿಸಿದರೆ ಇವಳು ಈ ಮನೆಯವಳಲ್ಲ ಅಂತ ಊರಿಗೇ ಹೇಳಿದ ಹಾಗೆ."

"ಹೇಳಿದ್ದು ಹೇಳಿ ಆಯ್ತು."

ಜ್ಯೋತ್ಸ್ನಾ "ಆಯ್ತು ಮಾವ" ಎಂದಷ್ಟೇ ಹೇಳಿ ಒಳಗೆ ಹೋದಳು. ಜಗಳ ಮಾಡದಿದ್ದುದೂ ನನಗೆ ಅನುಮಾನಕ್ಕೇ ಕಾರಣವಾಯಿತು.

ಎಲೆ ಹಾಕುವ ದಿನ ಅಡುಗೆ ಮಾತ್ರ ಅವಳೇ ಮಾಡಿದಳು. ಮಳೆಗಾಲದಲ್ಲಿ ಮೀನುಗಾರಿಕೆ ಬಂದ್ ಇದ್ದರೂ ಅಮೃತ್ ಎಲ್ಲಿಂದಲೋ ಬಂಗುಡೆ ಮೀನು ತಂದಿದ್ದ. ಬಂಗುಡೆಯ ಪುಳಿಮುಂಚಿ, ಕೋಳಿ ಸಾರು, ಪತ್ರೊಡೆ, ನೀರುದೋಸೆ. ಸಂಜೆ ಒಳಕೋಣೆಯಲ್ಲಿ ಎಲೆ ಹಾಕಿ ದೀಪ ಇಟ್ಟೆವು. ವಾರಿಜ ಸೌಟು ಹಿಡಿದಳು. ಆಗ ಜ್ಯೋತ್ಸ್ನಾ ಬಾಗಿಲಲ್ಲಿ ಬಂದು ನಿಂತಳು. ಅವಳ ಕೈಯಲ್ಲಿ ಕರ್ಚೀಫಿನಲ್ಲಿ ಸುತ್ತಿದ ಏನೋ ಇತ್ತು.

"ಮಾವ, ಬಡಿಸುದು ಬೇಡ. ಇದೊಂದನ್ನು ಎಲೆಯ ಹತ್ತಿರ ಇಡ್ತೇನೆ."

"ಎಂತ ಅದು? ಬಿಚ್ಚು."

ಕುಮುದಿನಿಯ ಮೊಬೈಲು. ಪರದೆ ಬೆಳಗುತ್ತಿತ್ತು. ಮೆಟ್ಟಿಲ ತುದಿಯಲ್ಲಿ ಕೆಂಪು ಬೈರಾಸಿನ ಗಂಡಸು ನಿಂತಿದ್ದ.

ಇಷ್ಟು ದಿನ ನುಂಗಿದ್ದೆಲ್ಲ ಬಾಯಿಗೆ ಬಂತು. "ನನ್ನ ಹೆಸರು ಬರೆದು ದಿನಾ ತಳ್ಳಿ ಸಾಯಿಸಿದ್ದು ಸಾಲದಾ? ಈಗ ಅವಳ ಎಲೆಯ ಮುಂದೆಯೂ ತಳ್ತೀಯಾ?"

"ಎಂತ ಅಣ್ಣ, ನನ್ನನ್ನು ಕೂಳೂರಿನಿಂದ ಕರೆಸಿದ್ದು ಬಡಿಸ್ಲಿಕ್ಕಾ, ನಿಮ್ಮ ಜಗಳ ನೋಡ್ಲಿಕ್ಕಾ?" ಎಂದಳು ವಾರಿಜ.

ಜ್ಯೋತ್ಸ್ನಾ ನನ್ನ ಕಡೆ ತಿರುಗಿ, "ನೀವು ನೋಡಿದ್ರಾ?" ಎಂದಳು. ಆಮೇಲೆ ತಲೆ ತಗ್ಗಿಸಿ, "ಬರೆದದ್ದು ನಾನು. ಹೇಳಿ ಬರೆಸಿದ್ದು ಅತ್ತೆ."

"ಸುಳ್ಳು."

"ನೀವು ಭಜನೆಗೆ ಹೋದ ಮೇಲೆ ನಾವು ಇಬ್ರೂ ಆಡುದು. ಗೊತ್ತಾದ್ರೆ ಬೈತೀರಿ ಅಂತ ಹೇಳ್ಲಿಲ್ಲ. ಸಾರಿಗೆ ಉಪ್ಪು ಕಡಿಮೆ ಅಂತ ಮಧ್ಯಾಹ್ನ ನೀವು ಗೊಣಗಿದ್ರೆ ಸಂಜೆ ನಿಮಗೆ ಮೂರು ಸಲ ಮೆಟ್ಟಿಲು. ಬೈರಾಸು ಕೆಂಪೇ ಆಗ್ಬೇಕು ಅಂತ ಹುಡುಕಿ ಹಾಕಿಸಿದ್ದೂ ಅವರೇ."

ವಾರಿಜ ಬಾಯಿಗೆ ಕೈ ಅಡ್ಡ ಇಟ್ಟಳು. ನಾನು ನಂಬಲಿಲ್ಲ. ಸತ್ತವಳ ಮೇಲೆ ಹಾಕಿ ತಪ್ಪಿಸಿಕೊಳ್ಳುವುದು ಸುಲಭ.

"ಇದು ನೋಡಿ" ಎಂದು ಜ್ಯೋತ್ಸ್ನಾ ಮೆಟ್ಟಿಲ ಕೆಳಗಿನ ನೀಲಿ ಚಪ್ಪಡಿಯನ್ನು ತೋರಿಸಿದಳು. "ಇದು ಹಾಸಿಗೆ. ಇದನ್ನು ಇಟ್ಟರೆ ಪಾಯಿಂಟ್ ಸಿಗುದಿಲ್ಲ. ಎಷ್ಟು ಸಲ ಹೇಳಿದ್ದೇನೆ, 'ಅತ್ತೆ, ಹಾಸಿಗೆ ತೆಗೀರಿ, ನೆಟ್ಟಿನಲ್ಲಿ ಎದುರು ಆಡುವವರು ಗೆಲ್ತಾರೆ' ಅಂತ. 'ಗೆಲ್ಲಲಿ. ನಿನ್ನ ಮಾವನ ಸೊಂಟ ಮೊದಲೇ ಸರಿ ಇಲ್ಲ' ಅಂತಿದ್ರು. ಹಾಸಿಗೆ ಇಡದೆ ಒಂದು ಸಲ ತಳ್ಳಿದವರಲ್ಲ."

ನಾನು ಸಮುದ್ರಕ್ಕೆ ಹೋಗುತ್ತಿದ್ದ ಕಾಲದಲ್ಲಿ, ಎಷ್ಟೇ ಜಗಳವಾಗಿದ್ದರೂ, ಕುಮುದಿನಿ ನನ್ನ ಸೊಂಟಕ್ಕೆ ಬಿಸಿ ಎಣ್ಣೆ ತಿಕ್ಕದೆ ಮಲಗಿದ್ದಿಲ್ಲ. ತಿಕ್ಕುವಾಗಲೂ ಬೈಯುತ್ತಿದ್ದಳು. ಅವಳ ಮಾತನ್ನು ಬೇರೆ ಯಾರೂ ಕಟ್ಟಿ ಹೇಳಲಾರರು. ಅಂಗಳದ ಗೋಣಿಚೀಲ ನೆನಪಾಯಿತು.

"ಅವಳು ಹೋದ ಮೇಲೆ ನೀನು ಯಾಕೆ ಆಡಿದೆ?" ಎಂದು ಕೇಳಿದೆ.

"ಈ ಮನೆಯಲ್ಲಿ ನನ್ನ ಜೊತೆ ನಗ್ತಿದ್ದದ್ದು ಅವರೊಬ್ಬರೇ ಮಾವ."

ನಾನು ವಾರಿಜಳ ಕೈಯಿಂದ ಸೌಟು ತೆಗೆದು ಜ್ಯೋತ್ಸ್ನಾಳ ಕೈಗೆ ಕೊಟ್ಟೆ. "ಮೀನಿನ ತಲೆಯ ತುಂಡು ಮೊದಲು ಹಾಕು. ಅವಳಿಗೆ ಅದೇ ಆಗ್ಬೇಕು."

ಅವಳು ಬಡಿಸಿದಳು. ಒಂದು ಹನಿ ಸಾರೂ ಎಲೆಯ ಹೊರಗೆ ಬೀಳಲಿಲ್ಲ. ಎಲೆಯಡಿಕೆಯ ಡಬ್ಬಿಯನ್ನು ನಾನು ಇಟ್ಟೆ. ಮೊಬೈಲನ್ನು ಅದಕ್ಕೆ ಒರಗಿಸಿ ಅವಳು ಇಟ್ಟಳು. ಎಲ್ಲರೂ ಹೊರಗೆ ಬಂದರು. ಬಾಗಿಲು ಎಳೆಯುವ ಮೊದಲು ನಾನು ತಿರುಗಿ ಕೇಳಿದೆ:

"ಹಾಸಿಗೆ ಸರಿಯಾಗಿ ಉಂಟಲ್ಲ?"

"ಉಂಟು ಮಾವ."

ಬಾಗಿಲು ಎಳೆದೆ.