ಮಾವನ ಗಂಟಲು

"ಅಲ್ಲಾಡಬೇಡಿ ಮಾವ, ಚಿತ್ರ ಜಾರುತ್ತೆ," ಎಂದು ಸೊಸೆ ಅವರ ಗದ್ದದ ಕೆಳಗೆ ಜೆಲ್ ಹಚ್ಚಿ ಸ್ಕ್ಯಾನ್ ಯಂತ್ರದ ಹಿಡಿಯನ್ನು ಒತ್ತಿದಳು. ಪರದೆಯ ಮೇಲೆ ಮಾವನ ನಾಲಿಗೆ ಬಿಳಿ ಗೆರೆಯಾಗಿ ಮೂಡಿತು.

ನಲವತ್ತು ವರ್ಷ ಅರಬ್ಬಿ ವ್ಯಾಕರಣ ಕಲಿಸಿದ ನಾಲಿಗೆ ಅದು. ಸೊಸೆ ಭಾಷಾವಿಜ್ಞಾನದ ಸಂಶೋಧಕಿ. ಮೂರು ವರ್ಷದಿಂದ ಊಟಕ್ಕೆ ಕೂತಾಗಲೆಲ್ಲ ಇಬ್ಬರದೂ ಒಂದೇ ಜಗಳ: ಅರಬ್ಬಿಯ ಗಂಟಲಿನ ಎರಡು ಅಕ್ಷರಗಳಲ್ಲಿ ಯಾವುದು ಹೆಚ್ಚು ಆಳದಿಂದ ಹುಟ್ಟುತ್ತದೆ? ಸಾವಿರ ವರ್ಷಕ್ಕೂ ಹಿಂದಿನ ಅರಬ್ಬಿ ವೈಯಾಕರಣರು ಬರೆದಿಟ್ಟ ಕ್ರಮ ತಪ್ಪು ಎಂದು ಅವಳ ಪ್ರಬಂಧದ ಮೂರನೇ ಅಧ್ಯಾಯ ಸಾರುತ್ತಿತ್ತು. ಸಂಜೆ ನಾಲ್ಕಕ್ಕೆ ಅದು ಮಾರ್ಗದರ್ಶಕರ ಕೈ ಸೇರಬೇಕು. ಕೊನೆಯ ಧ್ವನಿಮುದ್ರಣಕ್ಕೆ ಬರಬೇಕಾದವರು ಕೆಮ್ಮೆಂದು ಕೈಕೊಟ್ಟಿದ್ದರಿಂದ, ಬೇರೆ ದಾರಿ ಕಾಣದೆ ಎದುರಾಳಿಯನ್ನೇ ಪ್ರಯೋಗಾಲಯಕ್ಕೆ ಎಳೆದು ತಂದಿದ್ದಳು.

ಓದಬೇಕಾದ ಚೀಟಿ ನೋಡಿ ಮಾವ ಹುಬ್ಬು ಗಂಟಿಕ್ಕಿದರು.

"ಇದೇನಮ್ಮ, ಎಲ್ಲದಕ್ಕೂ 'ಆ' ಅಂತ ಬಾಲ ಅಂಟಿಸಿದ್ದೀಯ?"

"ವ್ಯಂಜನ ಹೇಳೋಕೆ ಸ್ವರ ಬೇಕಲ್ಲ ಮಾವ. ಎಲ್ಲರ ಹತ್ರನೂ ಹೀಗೇ ಹೇಳಿಸಿದ್ದೀನಿ."

"ಅಲ್ಲೇ ಎಡವಿದ್ದು ನೀನು. ಹಿಂದೆ ಬಾಲ ಇದ್ರೆ ನಾಲಿಗೆ ಅಕ್ಷರದಲ್ಲಿ ನಿಲ್ಲಲ್ಲ, ಬಾಲದ ಕಡೆ ಓಡುತ್ತೆ. ನಮ್ಮ ಹಳಬರು ಸ್ವರ ಮೊದಲು ಹೇಳಿ, ಅಕ್ಷರದ ಮೇಲೆ ಗಪ್ಪಂತ ನಿಂತುಬಿಡ್ತಿದ್ರು. ನಿಂತಲ್ಲೇ ಅದರ ಮನೆ."

"ಇದನ್ನ ನೀವು ಒಂದು ದಿನಾನೂ ಹೇಳ್ಲಿಲ್ಲ."

"ನೀನು ಹೇಗೆ ಅಳೀತೀಯ ಅಂತ ಒಂದು ದಿನಾನಾದ್ರೂ ತೋರಿಸಿದ್ಯಾ?"

ಅವಳಿಗೆ ರೇಗಿತು. ಮೂವತ್ತು ಜನರ ಧ್ವನಿಮುದ್ರಣ, ಎಂಟು ತಿಂಗಳ ಕೆಲಸ. ಆದರೂ ಕುತೂಹಲ ತಡೆಯಲಾಗಲಿಲ್ಲ.

"ಹೇಳಿ, ನೋಡೇಬಿಡೋಣ."

ಮಾವ ಉಸಿರೆಳೆದು ಸ್ವರ ಹಿಡಿದರು, ಅಕ್ಷರದ ಮೇಲೆ ನಿಂತರು. ಬಿಳಿ ಗೆರೆ ಹಿಂದೆ ಸರಿದು ಅಲುಗದೆ ನಿಂತಿತು. ಇನ್ನೊಂದು ಅಕ್ಷರಕ್ಕೆ ಅದಕ್ಕಿಂತ ಮುಂದೆ. ಮತ್ತೆ ಹೇಳಿಸಿದಳು, ಐದು ಸಲ, ಹತ್ತು ಸಲ. ಪ್ರತಿ ಸಲವೂ ಹಳಬರು ಬರೆದ ಕ್ರಮವೇ. ಯಂತ್ರವಿಲ್ಲದೆ, ಪರದೆಯಿಲ್ಲದೆ, ಬರೀ ಬಾಯೊಳಗೆ ತಡಕಾಡಿ ಕಂಡುಕೊಂಡಿದ್ದರು. ಮೂರನೇ ಅಧ್ಯಾಯ ಕಣ್ಣೆದುರೇ ನೆಲಕಚ್ಚುತ್ತಿತ್ತು, ಅವಳಿಗೋ ಕುಣಿದುಬಿಡುವಷ್ಟು ಖುಷಿ.

"ನಿಮ್ಮೊಬ್ಬರ ನಾಲಿಗೆ ಸಾಲದು ಮಾವ. ಮೂವತ್ತು ಜನರನ್ನೂ ಮತ್ತೆ ಕರೀಬೇಕು."

"ಕರಿ. ನನ್ನ ಮಾತು ನಂಬಬೇಡ, ಅಳೆದು ನೋಡು. ಹಳಬರು ಮಾಡಿದ್ದೂ ಅದನ್ನೇ."

ಮೇಜಿನ ಮೇಲೆ ಫೋನು ಅದುರಿತು. ಮಾರ್ಗದರ್ಶಕರು. ನಾಲ್ಕು ದಾಟಿ ಹತ್ತು ನಿಮಿಷವಾಗಿತ್ತು.

"ಸರ್, ಮೂರನೇ ಅಧ್ಯಾಯ ಇವತ್ತು ಬರಲ್ಲ," ಎಂದಳು. "ಹಳೇ ವೈಯಾಕರಣರು ತಪ್ಪು ಅಂತ ಬರೆದಿದ್ದೆ. ನಾನೇ ತಪ್ಪು ಅನ್ಸುತ್ತೆ. ನೀವು ಈಗಲೇ ಇಲ್ಲಿಗೆ ಬನ್ನಿ ಸರ್, ನೋಡ್ಬೇಕು ನೀವು."

ಫೋನಿಟ್ಟು ಜೆಲ್ ಬಾಟಲಿ ಕೈಗೆತ್ತಿಕೊಂಡಳು. ಅವಳು ಕೇಳುವ ಮೊದಲೇ ಮಾವ ಗದ್ದ ಮೇಲೆತ್ತಿ ಕೂತಿದ್ದರು.