ಮುಖದ ಬಟ್ಟೆ

ಮಗಳಿಗೆ ಡಾಕ್ಟರ್ ಓದಲು ಎರಡು ಊರಿನಲ್ಲಿ ಸೀಟು ಸಿಕ್ಕಿದೆ ಎಂದು ಗೊತ್ತಾದ ದಿನ ಹೊಲಿಗೆಯಮ್ಮನ ಕಾಲು ನೆಲದ ಮೇಲಿರಲಿಲ್ಲ. ಒಂದು ಸೀಟು ಇದೇ ಊರಿನ ಕಾಲೇಜಿನದು. ಬೀದಿಯ ತುದಿಯಲ್ಲಿ ಬಸ್ಸು ಹತ್ತಿದರೆ, ಮನೆಯಲ್ಲಿ ಅವಳು ಒಂದು ಅಂಗಿಗೆ ಕಾಲರ್ ಕೂರಿಸುವಷ್ಟರಲ್ಲಿ ಮಗಳು ಕಾಲೇಜಿನ ಗೇಟಿನಲ್ಲಿ ಇಳಿದಿರುತ್ತಾಳೆ. ಇನ್ನೊಂದು ದೂರದ ಊರಿನದು. ಹಗಲು ಪೂರ್ತಿ ರೈಲಿನಲ್ಲಿ ಕೂತು ಸೊಂಟ ಮುರಿದುಕೊಳ್ಳಬೇಕು. ಇದರಲ್ಲಿ ತಲೆ ಕೆಡಿಸಿಕೊಳ್ಳುವುದೇನಿದೆ ಎಂದುಕೊಂಡಿದ್ದಳು ಹೊಲಿಗೆಯಮ್ಮ.

"ಅಮ್ಮ, ನಾನು ದೂರದ್ದಕ್ಕೇ ಹೋಗ್ತೀನಿ" ಅಂದಳು ಮಗಳು.

"ಯಾಕೆ, ಇಲ್ಲಿನ ಕಾಲೇಜಿಗೇನು ಬಂದಿದೆ ರೋಗ?"

"ಅದು ಇನ್ನೂ ಚೆನ್ನಾಗಿದೆಯಂತೆ."

"ಯಾರಂತೆ ಹೇಳಿದ್ದು? ನಿಮ್ಮಪ್ಪ ಆಯುಸ್ಸೆಲ್ಲ ದುಡಿದ ಜಾಗ ನಿನಗೆ ಸಾಲದೇ ಹೋಯ್ತಾ?"

ಕೋಪ ಬಂದರೆ ಹೊಲಿಗೆಯಮ್ಮ ಮಾತು ಬಿಡುವವಳು. ಮಗಳೋ ಅಮ್ಮನ ಮಗಳೇ. ಅವತ್ತಿನಿಂದ ಆ ಮನೆಯಲ್ಲಿ ಮಾತಾಡುತ್ತಿದ್ದುದು ಹೊಲಿಗೆ ಮಿಷನ್ನು ಒಂದೇ.

ಯಜಮಾನರು ಇದ್ದಿದ್ದರೆ ಇಬ್ಬರ ತಲೆಗೂ ಒಂದೊಂದು ಮೊಟಕಿ ನಗಿಸಿಬಿಡುತ್ತಿದ್ದರು. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಚಹಾ ಕುಡಿಯುತ್ತಾ ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಲೋಟ ಕೂಡ ಬಿದ್ದಿರಲಿಲ್ಲ.

ಇದೇ ಊರಿನ ಕಾಲೇಜಿನ ಅನಾಟಮಿ ಹಾಲ್ ಅವರದು. ಅವರದು ಎಂದರೆ, ಅಲ್ಲಿ ಓದುವ ಮಕ್ಕಳಿಗಾಗಿ ದಾನ ಬಂದ ದೇಹಗಳನ್ನು ತೊಳೆದು, ಕೆಡದಂತೆ ಮದ್ದು ಏರಿಸಿ, ಟ್ಯಾಂಕಿನಲ್ಲಿ ಕಾಪಿಟ್ಟು, ಪಾಠ ಶುರುವಾಗುವ ಹೊತ್ತಿಗೆ ಟೇಬಲ್ಲಿನ ಮೇಲೆ ಮಲಗಿಸುವ ಕೆಲಸ. ಬೀದಿಯವರು ಅವರ ಕೈಯಿಂದ ನೀರು ಕುಡಿಯಲೂ ಹಿಂದೆಮುಂದೆ ನೋಡುತ್ತಿದ್ದರು. ಯಜಮಾನರು ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಹಾಲ್‌ನಲ್ಲಿ ಅವರದೇ ಒಂದು ಪದ್ಧತಿ ಇತ್ತು. ಟ್ಯಾಂಕಿನಿಂದ ತೆಗೆದ ದೇಹ ಪಾಠದ ಬಾಗಿಲು ದಾಟುವಾಗ ಕಾಲಿಗೆ ಕಟ್ಟಿದ್ದ ಹೆಸರಿನ ಚೀಟಿಯನ್ನು ಕತ್ತರಿಸಿ ಸುಟ್ಟುಬಿಡುವುದು. "ಇಲ್ಲಿಗೆ ಬಂದ ಮೇಲೆ ಇವರು ಯಾರ ಅಪ್ಪನೂ ಅಲ್ಲ, ಯಾರ ಅಮ್ಮನೂ ಅಲ್ಲ. ಎಲ್ಲರೂ ಮೇಷ್ಟ್ರುಗಳೇ" ಎನ್ನುತ್ತಿದ್ದರು. ಆಮೇಲೆ ಪ್ರತಿಯೊಬ್ಬರ ಮುಖಕ್ಕೂ ಒಂದು ಬಿಳಿ ಬಟ್ಟೆ. ಆ ಬಟ್ಟೆಗಳಿಗೆ ಅಂಚು ಮಡಿಚಿ ಹೊಲಿದುಕೊಡುತ್ತಿದ್ದವಳು ಹೊಲಿಗೆಯಮ್ಮ. "ದಾರ ಬಿಡಬಾರದು ಕಣೇ, ಮೂಗಿಗೆ ಚುಚ್ಚುತ್ತೆ" ಎಂದು ಅವರು ಹೇಳಿದಾಗ, "ಅವರಿಗೇನು ಗೊತ್ತಾಗುತ್ತೆ?" ಎಂದು ಮೊದಲ ಸಲ ಕೇಳಿದ್ದಳು. ಯಜಮಾನರು ಎಷ್ಟು ಬೇಸರ ಮಾಡಿಕೊಂಡರೆಂದರೆ ಮತ್ತೆಂದೂ ಕೇಳಲಿಲ್ಲ.

ತಾನು ಸತ್ತರೂ ದೇಹವನ್ನು ತನ್ನ ಹಾಲ್‌ಗೇ ಕೊಡಬೇಕೆಂದು ಹೇಳಿಟ್ಟಿದ್ದರು. ಹೊಲಿಗೆಯಮ್ಮ ಎದೆ ಕಲ್ಲು ಮಾಡಿಕೊಂಡು ಕೊಟ್ಟಳು. ಕೊಟ್ಟ ಮೇಲೆ ಅದನ್ನು ಯೋಚಿಸುವುದೇ ಬಿಟ್ಟಳು. ಅವಳ ಲೆಕ್ಕದಲ್ಲಿ ಯಜಮಾನರು ಎಂದಿನಂತೆ ಕೆಲಸಕ್ಕೆ ಹೋಗಿದ್ದಾರೆ, ಬರುವುದು ತಡವಾಗಿದೆ, ಅಷ್ಟೇ. ಹುಚ್ಚು ಅನ್ನಿ, ಏನಾದರೂ ಅನ್ನಿ. ಹಾಗೆ ಅಂದುಕೊಳ್ಳದಿದ್ದರೆ ಅವಳಿಗೆ ಬೆಳಗ್ಗೆ ಏಳುವುದೇ ಆಗುತ್ತಿರಲಿಲ್ಲ.

ಕಾಲೇಜು ಶುರುವಾಗುವ ದಿನಗಳು ಬಂದವು. ಹೊಸ ಹುಡುಗ ಹುಡುಗಿಯರು ಬಿಳಿ ಕೋಟಿಗೆ ಅಳತೆ ಕೊಡಲು ಬರತೊಡಗಿದರು. ಒಬ್ಬಳು ಹುಡುಗಿ ಕೈ ಚಾಚಿ ನಿಂತು, "ಆಂಟಿ, ಮೊದಲನೇ ವಾರವೇ ಹೆಣ ಕುಯ್ಯಿಸ್ತಾರಂತೆ, ಹೌದಾ?" ಅಂದಳು. ಮೂಲೆಯಲ್ಲಿ ಕೋಟುಗಳಿಗೆ ಗುಂಡಿ ಹಾಕುತ್ತಿದ್ದ ಮಗಳು ಸೂಜಿಯನ್ನು ಹಾಗೇ ಬಿಟ್ಟು ಎದ್ದು ಒಳಗೆ ಹೋದಳು. ನಲ್ಲಿ ತಿರುಗಿಸಿದ ಸದ್ದು ಕೇಳಿತು. ಆ ನೀರಿನ ಸದ್ದಿನೊಳಗೆ ಅಳುವ ಸದ್ದೂ ಇತ್ತು.

ಹೊಲಿಗೆಯಮ್ಮನ ಕೈಯಲ್ಲಿದ್ದ ಅಳತೆ ಪಟ್ಟಿ ಹುಡುಗಿಯ ಹೆಗಲ ಮೇಲೇ ನಿಂತಿತು. ಮದ್ದು ಏರಿಸಿದ ದೇಹ ಹದವಾಗಲು ತಿಂಗಳುಗಟ್ಟಲೆ ಬೇಕು ಎಂದು ಯಜಮಾನರೇ ಹೇಳುತ್ತಿದ್ದರು. ಹೋದ ವರ್ಷ ಬಂದವರು ಈ ವರ್ಷದ ಮಕ್ಕಳಿಗೆ. ಈ ವರ್ಷದ ಮಕ್ಕಳು ಎಂದರೆ ತನ್ನ ಮಗಳು, ಹೋದ ವರ್ಷ ಬಂದವರು ಎಂದರೆ ಅವಳ ಅಪ್ಪ. ಎಂಥ ಬೆಪ್ಪುತಕ್ಕಡಿ ನಾನು ಎಂದು ತನ್ನನ್ನೇ ಬೈದುಕೊಂಡಳು. ಮಗು ತಾನೊಂದೇ ಇದನ್ನು ನುಂಗಿಕೊಂಡು ಕೂತಿದೆ, ನಾನು ಅದರ ಮೇಲೆ ಮುಖ ಊದಿಸಿಕೊಂಡಿದ್ದೇನೆ.

ಆಗಲೇ ಒಳಗೆ ಹೋಗಿ ಮಗಳನ್ನು ತಬ್ಬಿಕೊಂಡು ಎರಡು ಮಾತಾಡಿದ್ದರೆ ಕತೆ ಬೇರೆಯೇ ಆಗುತ್ತಿತ್ತು. ಆದರೆ ಮಾತಿಗಿಂತ ಮೊದಲು ಕೆಲಸ ಮಾಡಿ ಮುಗಿಸುವ ಹೆಂಗಸು ಅವಳು. ಮರುದಿನ ಬೆಳಗ್ಗೆಯೇ ಕಾಲೇಜಿಗೆ ಹೋಗಿ ಅನಾಟಮಿ ವಿಭಾಗದ ದೊಡ್ಡ ಮೇಡಂ ಮುಂದೆ ನಿಂತಳು.

"ನನ್ನ ಮಗಳು ಇಲ್ಲೇ ಸೇರ್ತಾಳೆ ಮೇಡಂ. ಅವರನ್ನ... ಇಲ್ಲಿಂದ ಬೇರೆ ಕಡೆ ಕಳಿಸೋಕಾಗುತ್ತಾ?"

ದೊಡ್ಡ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನನಗೇ ಈ ಯೋಚನೆ ಬರಬೇಕಿತ್ತಮ್ಮ. ಇನ್ನೊಂದು ಕಾಲೇಜಿನವರು ತಮ್ಮಲ್ಲಿ ದೇಹಗಳು ಸಾಲ್ತಿಲ್ಲ ಅಂತ ಕೇಳಿದ್ದಾರೆ. ನಾಳೆ ವ್ಯಾನ್ ಹೋಗುತ್ತೆ. ಅದರಲ್ಲಿ ಇವರನ್ನೂ ಕಳಿಸ್ತೀನಿ. ಆದರೆ ಅವರಿಗೆ ಇಲ್ಲೇ ಇರಬೇಕು ಅಂತ ಆಸೆ ಇತ್ತಲ್ಲ?"

"ಅವರಿಗೆ ನಾನು ಹೇಳ್ಕೋತೀನಿ" ಅಂದಳು ಹೊಲಿಗೆಯಮ್ಮ. ಆಮೇಲೆ ಕೇಳಿದಳು, "ದೂರಾನಾ ಮೇಡಂ?"

"ತುಂಬ ದೂರ."

ದೂರ ಎಂಬ ಮಾತೇ ಅವಳಿಗೆ ಸಾಕಾಯಿತು. ಮಗಳಿಗೆ ಇನ್ನೊಂದು ಸೀಟೂ ಸಿಕ್ಕಿದೆ ಎಂದು ಅವಳು ಮೇಡಂಗೆ ಹೇಳಲಿಲ್ಲ. ಇಲ್ಲಿಯದನ್ನು ಬಿಟ್ಟು ಅದನ್ನು ಬಯಸಿದ್ದಾಳೆ ಎಂದು ಈ ಕಾಲೇಜಿನಲ್ಲಿ ಹೇಳುವುದಕ್ಕೆ ಅವಳಿಗೆ ನಾಚಿಕೆ. ಮನೆಯಲ್ಲೂ ಬಾಯಿ ಬಿಡಲಿಲ್ಲ. ಮೊದಲು ವ್ಯಾನ್ ಹೊರಡಲಿ, ಇಲ್ಲದಿದ್ದರೆ ಅಪ್ಪನ ಆಸೆ ಎಂದು ಮಗಳು ಅಡ್ಡ ನಿಂತಾಳು ಎಂಬ ಭಯ.

ವ್ಯಾನ್ ಹೋದ ಸಂಜೆ ಅವಳು ಮಿಷನ್ನಿಗೆ ಮುಸುಕು ಹಾಕಿ, ಎಷ್ಟೋ ದಿನಗಳ ಮೇಲೆ ಮಗಳ ತಟ್ಟೆಗೆ ತಾನೇ ಬಡಿಸಿದಳು.

"ಪುಟ್ಟಾ, ನೀನು ಇಲ್ಲೇ ಸೇರ್ಕೋ. ಅಪ್ಪ ಈಗ ಆ ಹಾಲ್‌ನಲ್ಲಿಲ್ಲ. ಬೇರೆ ಕಾಲೇಜಿಗೆ ಕಳಿಸಿಬಿಟ್ಟೆ."

ಮಗಳ ಕೈ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. "ನಿನಗೆ ಯಾರು ಹೇಳಿದ್ರು, ಅದಕ್ಕೇ ಅಂತ?"

"ಹೇಳಬೇಕಾ? ನಾನೇನು ನಿನ್ನ ದತ್ತು ತಗೊಂಡಿದ್ದೀನಾ?"

ಮಗಳು ನಗುತ್ತಾಳೆ ಎಂದುಕೊಂಡಿದ್ದಳು. ಅವಳು ನಗಲಿಲ್ಲ. "ಅಮ್ಮ, ಇಲ್ಲಿಯ ಸೀಟು ನಾನು ನಿನ್ನೆನೇ ಬಿಟ್ಟುಕೊಟ್ಟು ಬಂದೆ. ನಿನ್ನೆ ಕೊನೆ ದಿನ. ಈಗ ಅದು ಬೇರೆಯವರಿಗೆ ಹೋಗಿದೆ."

ಹೊಲಿಗೆಯಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟಳು. ಆದರೂ ಸಾವರಿಸಿಕೊಂಡಳು. ಹೋಗಲಿ, ದೂರದಲ್ಲೇ ಓದಲಿ, ನೆಮ್ಮದಿಯಾಗಿ ಓದಿದರೆ ಸಾಕು. ಇದನ್ನೇ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮಗಳು ಕೇಳಿದಳು.

"ಅಪ್ಪನ್ನ ಯಾವ ಕಾಲೇಜಿಗೆ ಕಳಿಸಿದ್ರು?"

"ದೂರ ಅಂದ್ರು."

"ದೂರ ಅಂದ್ರೆ ಯಾವ ಊರು ಅಮ್ಮ?"

ಹೊಲಿಗೆಯಮ್ಮ ಎಂಜಲು ಕೈಯಲ್ಲೇ ಎದ್ದು ಫೋನು ಹುಡುಕಿದಳು. ಮಗಳೇ ಮೇಡಂಗೆ ಫೋನ್ ಮಾಡಿದಳು. ಮೇಡಂ ಊರಿನ ಹೆಸರು ಹೇಳಿದರು. ಅದೇ ಊರು. ಮಗಳು ನಾಡಿದ್ದು ರೈಲು ಹತ್ತಬೇಕಾದ ಊರು, ಅದೇ ಕಾಲೇಜು.

ಮೇಡಂ, "ಯಾಕಮ್ಮ, ಏನಾಯ್ತು?" ಎಂದು ಕೇಳಿದರು. ಮಗಳು ಹೇಳಿದಳು. ಆಮೇಲೆ ಮೇಡಂ, ಯಜಮಾನರ ಜಾಗಕ್ಕೆ ಬಂದವನು ಅವರ ಪದ್ಧತಿಯನ್ನೇ ನಡೆಸಿಕೊಂಡು ಬಂದಿದ್ದಾನೆ, ಟ್ಯಾಂಕಿನಿಂದ ತೆಗೆದು ವ್ಯಾನಿಗೆ ಏರಿಸುವ ಮುಂಚೆ ಎಲ್ಲರ ಚೀಟಿಯನ್ನೂ ಸುಟ್ಟಿದ್ದಾನೆ ಅಂದರು. ಹೋದವರಲ್ಲಿ ಇವರು ಯಾರು ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಅಲ್ಲಿ ಗುರುತು ಹಿಡಿಯಬಲ್ಲವಳೆಂದರೆ ಮಗಳು ಮಾತ್ರ.

"ನಮ್ಮಲ್ಲಿಂದ ಹೋದವರ ಟೇಬಲ್ಲಿಗೆ ನಿನ್ನ ಹಾಕಬೇಡಿ ಅಂತ ಅವರಿಗೆ ಹೇಳ್ತೀನಮ್ಮ. ಟೇಬಲ್ ಬೇರೆ ಕೊಡಿಸಬಹುದು. ಹಾಲ್ ಬೇರೆ ಕೊಡಿಸೋಕಾಗಲ್ಲ, ಅವರ ಹತ್ರ ಇರೋದು ಒಂದೇ."

ಫೋನ್ ಇಟ್ಟ ಮೇಲೆ ಹೊಲಿಗೆಯಮ್ಮ ತಲೆ ಚಚ್ಚಿಕೊಂಡು ಅತ್ತಳು. ಊರು ಯಾವುದು ಎಂಬ ಒಂದು ಮಾತು ಕೇಳಿದ್ದರೆ ಸಾಕಿತ್ತು. ಅವರ ಆಸೆಯನ್ನೂ ಮುರಿದೆ, ನಿನ್ನ ಓದನ್ನೂ ಹಾಳು ಮಾಡಿದೆ ಎಂದು ಗೋಳಾಡಿದಳು. "ಈ ವರ್ಷ ಬಿಟ್ಟುಬಿಡು ಪುಟ್ಟಾ. ಮುಂದಿನ ವರ್ಷ ಮತ್ತೆ ಪರೀಕ್ಷೆ ಬರಿ."

ಮಗಳು ಅವಳ ಎಂಜಲು ಕೈಯನ್ನು ತನ್ನ ಕೈಯೊಳಗೆ ಹಿಡಿದುಕೊಂಡಳು.

"ಅಮ್ಮ, ನನ್ನ ಪರೀಕ್ಷೆ ಇದ್ದಾಗಲೆಲ್ಲ ಅಪ್ಪ ಏನ್ಮಾಡ್ತಿದ್ರು, ನೆನಪಿದೆಯಾ?"

ನೆನಪಿಲ್ಲದೆ ಏನು? ಹಿಂದಿನ ದಿನವೇ ಪರೀಕ್ಷೆಯ ಜಾಗಕ್ಕೆ ಹೋಗಿ, ಕಾವಲಿನವನ ಕೈಕಾಲು ಹಿಡಿದು ಒಳಗೆ ನುಗ್ಗಿ, ಮಗಳ ಬೆಂಚು ಯಾವುದೆಂದು ಹುಡುಕಿ, ಅಲುಗಾಡಿದರೆ ಕಾಲಿನ ಕೆಳಗೆ ರಟ್ಟು ಮಡಿಚಿಟ್ಟು ಬರುತ್ತಿದ್ದರು.

"ಈ ಸಲವೂ ಮುಂಚೆ ಹೋಗಿದ್ದಾರೆ ಅಷ್ಟೇ" ಅಂದಳು ಮಗಳು. ನಗಲು ಹೊರಟವಳ ಬಾಯಿ ಸೊಟ್ಟಗಾಯಿತು. ಅಮ್ಮನ ತೊಡೆಯ ಮೇಲೆ ಮುಖ ಹುದುಗಿಸಿ, ಸಣ್ಣವಳಿದ್ದಾಗ ಅತ್ತಂತೆ ಬಿಕ್ಕಿ ಬಿಕ್ಕಿ ಅತ್ತಳು. "ನನಗೆ ಭಯ ಆಗುತ್ತೆ ಅಮ್ಮ. ಆದರೆ ಹೋಗ್ತೀನಿ."

ಮರುದಿನ ಬೆಳಗ್ಗೆ ಮಗಳು ಏಳುವ ಹೊತ್ತಿಗೆ ಮಿಷನ್ನು ಓಡುತ್ತಿತ್ತು. ಕೋಟಿನ ಬಿಳಿ ಬಟ್ಟೆಯ ಥಾನು ಪೂರ್ತಿ ಬಿಚ್ಚಿಕೊಂಡು ನೆಲದ ಮೇಲಿತ್ತು. ಹೊಲಿಗೆಯಮ್ಮನ ಕಣ್ಣು ಊದಿಕೊಂಡಿತ್ತು. ಅಂಚು ಮಡಿಚಿದ ಚೌಕಗಳು ಪಕ್ಕದ ಸ್ಟೂಲಿನ ಮೇಲೆ ಅವಳ ಮೊಣಕೈ ಎತ್ತರಕ್ಕೆ ಬೆಳೆದಿದ್ದವು.

"ಇಷ್ಟೊಂದು ಯಾಕಮ್ಮ?"

ಹೊಲಿಗೆಯಮ್ಮ ತಲೆ ಎತ್ತಲಿಲ್ಲ. ಒಂದು ಮೂಲೆಯಲ್ಲಿ ಉಳಿದಿದ್ದ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿ, ಆ ಜಾಗವನ್ನು ತನ್ನ ಮೂಗಿನ ಮೇಲೆ ಉಜ್ಜಿ ನೋಡಿದಳು. ಚುಚ್ಚಲಿಲ್ಲ.

"ಅಲ್ಲಿ ಹಾಲ್ ನೋಡಿಕೊಳ್ಳೋರ ಕೈಗೆ ಕೊಡು. ಅಪ್ಪ ಯಾವ ಟೇಬಲ್ ಮೇಲಿದ್ದಾರೋ ನಮಗೆ ಗೊತ್ತಿಲ್ವಲ್ಲ" ಅಂದಳು. "ಅದಕ್ಕೆ, ಎಲ್ಲರಿಗೂ ಹೊಲಿದಿದ್ದೀನಿ."